ಹ್ಯಾಲಿಫ್ಯಾಕ್ಸಿನ ಒಲೆಗೊಂದು ಬಾಸಿಂಗ

ನಾನು ಇಂಗ್ಲೆಂಡಿಗೆ ಹೋಗಿದ್ದು ತಂಗಿಯ ಮನೆಯ ಒಲೆಗೆ ಒಂದು ಮರದ ಚೌಕಟ್ಟು ಆರಿಸಿಕೊಡಲು. ಯಾವುದನ್ನೂ ಆರಿಸಬಾರದು ಎಂದು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಆ ದೇಶಕ್ಕೆ ಹೋಗಿ ಬಂದವರೆಲ್ಲ ಅಲ್ಲಿನ ರಸ್ತೆ ನುಣುಪು, ಜನ ಶಿಸ್ತು, ಹುಲ್ಲು ಹಸಿರು ಎಂದು ಬರೆಯುತ್ತಾರೆ. ಅದು ಬೇಕಾದವರು ಅವರನ್ನೇ ಓದಿಕೊಳ್ಳಲಿ. ನಾನು ನೋಡಿದ್ದು ಬರೀ ಒಲೆ.

ನಮ್ಮಪ್ಪ ಹನೂರಿನಲ್ಲಿ ಬಾಗಿಲು, ಕಿಟಕಿ ಮಾಡಿಸಿ ಮಾರುತ್ತಿದ್ದವರು. ನಾನು ಯಳಂದೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ, ಮನೆ ಕೊಳ್ಳೇಗಾಲ. ತಂಗಿ ಪುಟ್ಟತಾಯಿ ನರ್ಸು. ಗಂಡ ಸಿದ್ದರಾಜುವನ್ನು ಕಟ್ಟಿಕೊಂಡು ಹ್ಯಾಲಿಫ್ಯಾಕ್ಸ್ ಎಂಬ ಊರಿನ ಆಸ್ಪತ್ರೆಗೆ ಕೆಲಸಕ್ಕೆ ಹೋದವಳು, ನಾಲ್ಕು ವರ್ಷ ದುಡಿದು ವಾಪಸ್ ಬರುತ್ತೀನಿ ಎಂದಿದ್ದಳು. ನಮ್ಮ ಮನೆಯ ಪಕ್ಕದ ಸೈಟನ್ನು ಅಪ್ಪ ಸಾಯುವ ಮೊದಲೇ ಅವಳ ಹೆಸರಿಗೆ ಬರೆದಿದ್ದರು. ಅದಕ್ಕೆ ಬೇಲಿ ಹಾಕಿಸಿ, ಪ್ರತಿ ಮಳೆಗಾಲ ಪಾರ್ಥೇನಿಯಂ ಕೀಳಿಸುತ್ತಾ ನಾನು ಕಾಯುತ್ತಿದ್ದೆ. ಒಂದು ಭಾನುವಾರ ಫೋನು ಬಂತು.

"ಅಣ್ಣ, ಮನ ತಕಂಡ್ವಿ ಕಣಣ್ಣ," ಅಂದಳು.

"ಮನೆ ಯಾಕವ್ವ? ಸೈಟು ಇಲ್ಲೇ ಅದಲ್ಲ."

"ಅದು ಇರ್ಲಿ ಬುಡು. ನೀನು ತವರಿನ್ ಮರ ಕೊಡಬೇಕಲ್ಲ ಈಗ."

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಹೆಣ್ಣುಮಗಳು ಮನೆ ಮಾಡಿದರೆ ತಲೆಬಾಗಿಲಿನ ಮರ ತವರಿನದು. ಅಣ್ಣನೋ ತಮ್ಮನೋ ಸ್ವತಃ ನಿಂತು ಆರಿಸಿ ಕೊಡಬೇಕು. ತವರಿನ ಮರ ನಿಂತ ಮೇಲೆ ಆ ಮನೆ ಅವಳದು, ಅವಳು ಆ ಊರಿನವಳು. ಮರ ಬರುವವರೆಗೆ ಅದು ಬಿಡಾರ. ಹ್ಯಾಲಿಫ್ಯಾಕ್ಸಿನಲ್ಲಿ ಸಾಲು ಮನೆಗಳಿಗೆಲ್ಲ ಒಂದೇ ತರಹದ ಬಾಗಿಲು ಇರಬೇಕಂತೆ, ಬದಲಾಯಿಸುವ ಹಾಗಿಲ್ಲವಂತೆ. ಆದ್ದರಿಂದ ಬಾಗಿಲಿಗೆ ಬದಲು ಹಜಾರದ ಅಗ್ಗಿಷ್ಟಿಕೆಗೆ ಮ್ಯಾಂಟಲ್ ಕೊಡು, ಬಂದು ಆರಿಸು, ಟಿಕೆಟ್ಟು ಕಳಿಸ್ತೀನಿ ಎಂದಳು. ಮ್ಯಾಂಟಲ್ ಎಂದರೆ ಗೋಡೆಯೊಳಗಿನ ಒಲೆಯ ಸುತ್ತ ಕೂರಿಸುವ ಮರದ ಚೌಕಟ್ಟು: ಎರಡು ಕಾಲು, ಒಂದು ಅಡ್ಡಮರ, ಮೇಲೊಂದು ಹಲಗೆ. ಚೌಕಟ್ಟು ನಿಲ್ಲದಿದ್ದರೆ ತಂಗಿ ಒಂದಲ್ಲ ಒಂದು ದಿನ ವಾಪಸ್ ಬರುತ್ತಾಳೆ ಎಂದು ನನ್ನ ಲೆಕ್ಕಾಚಾರ. ಅದನ್ನು ಯಾರಿಗೂ ಹೇಳದೆ ಸ್ವೆಟರು ಕಟ್ಟಿಕೊಂಡು ಹೊರಟೆ.

ಮ್ಯಾಂಚೆಸ್ಟರ್

ವಿಮಾನ ಇಳಿದ ಮೇಲೆ ಗಾಜಿನ ಹಿಂದೆ ಕೂತಿದ್ದ ಅಧಿಕಾರಿ ಬಂದ ಉದ್ದೇಶ ಏನು ಎಂದು ಕೇಳಿದ. ಸುಳ್ಳು ಯಾಕೆ ಹೇಳಲಿ, ಅಗ್ಗಿಷ್ಟಿಕೆಗೆ ಮರ ನೋಡಲು ಎಂದೆ. ಅವನು ತಲೆಯೆತ್ತಿದ. ನೀವು ಬಡಗಿಯೋ, ಇಲ್ಲಿ ಕೆಲಸ ಮಾಡಲು ಬಂದಿದ್ದೀರೋ ಎಂದು ಶುರುಮಾಡಿದ. ತಾಲ್ಲೂಕು ಕಚೇರಿಯ ಗುಮಾಸ್ತನನ್ನು ಕೆಲಸ ಮಾಡುವವನು ಎಂದು ಅನುಮಾನಿಸಿದ ಮೊದಲ ಮನುಷ್ಯ ಅವನೇ. ನನ್ನ ಎರಡು ಅಂಗೈಗಳನ್ನೂ ಗಾಜಿಗೆ ಒತ್ತಿ ತೋರಿಸಿದೆ. ಒಂದು ಬೊಬ್ಬೆ ಇಲ್ಲ, ಒಂದು ಗಾಯ ಇಲ್ಲ. ನೋಡಿದವನೇ ಠಸ್ಸೆ ಒತ್ತಿ ಕಳಿಸಿದ.

ಹೊರಗೆ ಸಿದ್ದರಾಜು ನಿಂತಿದ್ದ. ಅವನು ಗಡಿಯ ಮಾರ್ಟಳ್ಳಿಯವನು, ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತಮಿಳು. ಈಗ ಬ್ರೆಡ್ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. "ವಾಂಗ ಬಾವ, ಚಳಿಯಾ?" ಎಂದ. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲೂ ಚಳಿ ನೋಡಿದ್ದೇನೆ, ಅದು ಸೂರ್ಯ ಬಂದರೆ ಮರ್ಯಾದೆಯಾಗಿ ಎದ್ದುಹೋಗುತ್ತದೆ. ಇಲ್ಲಿ ಸೂರ್ಯನೂ ರಜೆ ಹಾಕಿದ್ದ.

ತಂಗಿಯ ಮನೆ

ಹ್ಯಾಲಿಫ್ಯಾಕ್ಸ್ ದಿಣ್ಣೆಗಳ ಮೇಲೆ ಕೂತ ಊರು. ಕಲ್ಲಿನ ಮನೆಗಳು, ಒಂದಕ್ಕೊಂದು ಆತುಕೊಂಡು, ಎಲ್ಲ ಮಸಿ ಬಣ್ಣ. ಹಿಂದೆ ಇಲ್ಲಿ ಗಿರಣಿಗಳಿದ್ದವಂತೆ, ಅವುಗಳ ಕಲ್ಲಿದ್ದಲ ಹೊಗೆ ಕೂತು ಕಲ್ಲು ಕಪ್ಪಾಗಿದೆ. ನಮ್ಮಲ್ಲಿ ಅಡುಗೆಮನೆಯ ಒಂದು ಗೋಡೆ ಹೀಗಾದರೆ ಯುಗಾದಿಗೆ ಸುಣ್ಣ ಹೊಡೆಯುತ್ತಾರೆ. ಇವರು ಊರನ್ನೇ ಹಾಗೆ ಬಿಟ್ಟು, ಹೆರಿಟೇಜು ಎಂದು ಬೋರ್ಡು ನೆಟ್ಟಿದ್ದಾರೆ.

ತಂಗಿ ಬಾಗಿಲಲ್ಲೇ ಅಪ್ಪಿಕೊಂಡು ಅತ್ತಳು. ಕಣ್ಣೊರೆಸಿಕೊಂಡು ಅವಳು ಮೊದಲು ತೋರಿಸಿದ್ದು ಹಜಾರದ ಗೋಡೆಯಲ್ಲಿದ್ದ ತೂತು. ಹಿಂದಿನ ಮನೆಯವರು ಮ್ಯಾಂಟಲನ್ನು ಕಿತ್ತುಕೊಂಡು ಹೋಗಿದ್ದರು, ಸುತ್ತ ಗಾರೆ ಉದುರಿ ಇಟ್ಟಿಗೆ ಕಾಣುತ್ತಿತ್ತು.

"ಇದ್ರಲ್ಲಿ ಅಡುಗೆ ಮಾಡೀರಾ?" ಎಂದೆ.

"ಇಲ್ಲಣ್ಣ. ಅಡುಗೆಮನೇಲಿ ಕರೆಂಟಿನ ಒಲ ಅದ."

"ಮತ್ತೆ ಬೆಂಕಿ ಕಾಯ್ಕಳಕ್ಕಾ?"

"ಹೊಗೆ ಓಗೋ ಕೊಳವೆ ಮುಚ್ಚಿಬುಟ್ಟವ್ರೆ. ಬೆಂಕಿ ಹಾಕಂಗಿಲ್ಲ. ಕರೆಂಟಿನ ಹೀಟರ್ ಮಡಗ್ತೀವಿ."

ಆ ಹೀಟರನ್ನೂ ತೋರಿಸಿದರು. ಒಳಗೆ ಒಂದು ಬಲ್ಬು, ಅದರ ಮೇಲೆ ತಿರುಗುವ ತಗಡು, ಮುಂದೆ ಪ್ಲಾಸ್ಟಿಕ್ಕಿನ ಕೆಂಡ. ಸ್ವಿಚ್ಚು ಹಾಕಿದರೆ ಬೆಂಕಿ ಉರಿದ ಹಾಗೆ ಕೆಂಪು ನೆರಳು ಆಡುತ್ತದೆ. ಬಂಡಳ್ಳಿಯಲ್ಲಿ ನನ್ನ ಅತ್ತೆಯ ಮನೆಯ ಒಲೆ ನೆನಪಾಯಿತು. ನಿತ್ಯ ಇಪ್ಪತ್ತು ಮುದ್ದೆ ಬೇಯಿಸುವ ಒಲೆ ಅದು, ಬೆಳಿಗ್ಗೆ ಸಾರಿಸಿ ಒಂದೆಳೆ ರಂಗೋಲಿ ಬಿಟ್ಟರೆ ಬೇರೆ ಶೃಂಗಾರ ಕಂಡಿಲ್ಲ. ಇಲ್ಲಿ ಬೇಯಿಸದ, ಉರಿಯದ, ಹೊಗೆಯಾಡದ ಒಲೆಯನ್ನು ಹಜಾರದಲ್ಲಿ ಮದುಮಗನಂತೆ ಕೂರಿಸಿ ಅದಕ್ಕೊಂದು ಬಾಸಿಂಗ ಕಟ್ಟಲು ಜನ ಅಂಗಡಿ ಅಂಗಡಿ ಅಲೆಯುತ್ತಾರೆ. ನಾನೂ ಅಲೆಯಲು ಬಂದಿದ್ದೆ.

ಊರಾಚೆಯ ದೊಡ್ಡ ಅಂಗಡಿ

ತಂಗಿಗೆ ರಜೆ ಇದ್ದ ದಿನ ಬಸ್ಸಿನಲ್ಲಿ ಹೊರಟೆವು. ಇಲ್ಲಿ ಬಸ್ಸು ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಯಳಂದೂರು ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರು ತನಗೇನೋ ಆಗಿದೆ ಎಂದು ಗಾಬರಿಯಾಗುತ್ತಾನೆ. ನಾನು ಹೇಳದೆ ಇಳಿದೆ. ತಂಗಿ ನನ್ನ ಪಾಲಿನದನ್ನೂ ಸೇರಿಸಿ ಎರಡು ಸಲ ಹೇಳಿದಳು.

ಅಂಗಡಿ ನಮ್ಮ ರೇಷ್ಮೆ ಮಾರುಕಟ್ಟೆಗಿಂತ ದೊಡ್ಡದು. ಗೋಡೆಯುದ್ದಕ್ಕೂ ಮ್ಯಾಂಟಲ್‌ಗಳು ನಿಂತಿದ್ದವು, ಎಲ್ಲದರ ಒಳಗೂ ಸುಳ್ಳು ಬೆಂಕಿ. ಮಾರುವ ಹೆಂಗಸು ಬಂದು "ಏನು ಬೇಕಿತ್ತು, ಲವ್?" ಎಂದಳು. ಈ ಸೀಮೆಯಲ್ಲಿ ಕಂಡವರನ್ನೆಲ್ಲ ಹಾಗೆ ಕರೆಯುವುದು ವಾಡಿಕೆಯಂತೆ. ಐವತ್ತು ದಾಟಿದ, ಎರಡು ಮಕ್ಕಳ ಮದುವೆ ಮಾಡಿದ ನಾನು ತಂಗಿಯ ಮುಂದೆ ಅದನ್ನು ಕೇಳಿಸಿಕೊಳ್ಳಬೇಕಾಯಿತು.

ಅವಳು ಒಂದರ ಮೇಲೆ ಕೈಯಿಟ್ಟು, ಇದು ಅಪ್ಪಟ ಓಕ್ ನೋಟ ಎಂದಳು. ನೋಟ ಎಂದರೇನು ಎಂದು ಕೇಳಿದೆ. ಮೇಲೆ ಓಕಿನ ತೆಳು ಪದರ, ಒಳಗೆ ಬೇರೆ ಎಂದಳು. ನಾನು ಅಪ್ಪ ಮಾಡುತ್ತಿದ್ದ ಹಾಗೆ ಮಾಡಿದೆ. ಮುಂದಿನಿಂದ ನೋಡಲೇ ಇಲ್ಲ, ಹಿಂದಕ್ಕೆ ಹೋಗಿ ಬಗ್ಗಿದೆ. ಹಿಂಬದಿಯಲ್ಲಿ ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ, ಕಬ್ಬಿಣದ ಕ್ಲಿಪ್ಪು, ಮೂಲೆಯಲ್ಲಿ ಅಂಟು ಸೋರಿ ಗಟ್ಟಿಯಾಗಿತ್ತು. ಬೆರಳಿನ ಗಿಣ್ಣಿನಿಂದ ಬಡಿದೆ, ರಟ್ಟಿನ ಪೆಟ್ಟಿಗೆಯ ಸದ್ದು ಬಂತು. ಇನ್ನೊಂದರ ಮೇಲೆ ದ್ರಾಕ್ಷಿಗೊಂಚಲ ಕೆತ್ತನೆ ಇತ್ತು. ಉಗುರಿನಿಂದ ಒತ್ತಿದರೆ ದ್ರಾಕ್ಷಿ ಒಳಕ್ಕೆ ಹೋಗಿ ಮತ್ತೆ ಮೇಲೆದ್ದಿತು. ಫೋಮಿನ ಅಚ್ಚು ಹೊಯ್ದು ಅಂಟಿಸಿದ್ದರು. ಹೊರಗೆ ಥಳಕು, ಒಳಗೆ ಹುಳುಕು ಎನ್ನುತ್ತೇವೆ ನಾವು. ಹುಳು ತಿನ್ನುವುದಕ್ಕೂ ಒಳಗೆ ಮರ ಇರಬೇಕಲ್ಲ.

"ಬ್ಯಾಡ ನಡಿ," ಎಂದೆ. ಇದರಲ್ಲಿ ಸುಳ್ಳೇನೂ ಇರಲಿಲ್ಲ, ನಿಜಕ್ಕೂ ಕೆಟ್ಟ ಮಾಲು. ತಂಗಿಯೂ ತಲೆಯಾಡಿಸಿದಳು. ಇದೇ ತರಹ ಇನ್ನೂ ನಾಲ್ಕಾರು ಅಂಗಡಿ ಆದವು. ಒಂದರಲ್ಲಿ ಮರಕ್ಕೆ ಗಂಟು ಬರೆದಿದ್ದರು, ಬ್ರಷ್ಷಿನಿಂದ. ಇನ್ನೊಂದರಲ್ಲಿ ಹಳೆಯದಾಗಿ ಕಾಣಲಿ ಎಂದು ಹೊಸ ಹಲಗೆಗೆ ಸರಪಳಿಯಲ್ಲಿ ಹೊಡೆದು ಗಾಯ ಮಾಡಿದ್ದರು, ಅದಕ್ಕೆ ಬೆಲೆ ಬೇರೆ ಹೆಚ್ಚು. ನನಗೆ ಒಳಗೊಳಗೆ ಬಹಳ ಸಂತೋಷ. ಈ ದೇಶ ಹೀಗೇ ಇದ್ದರೆ ನಾನು ಏನೂ ಮಾಡಬೇಕಾಗಿಲ್ಲ, ಸುಮ್ಮನೆ ನಿಜ ಹೇಳಿಕೊಂಡು ವಾಪಸ್ ಹೋಗಬಹುದು.

ಪಕ್ಕದ ಮನೆ

ಪಕ್ಕದ ಮನೆಯ ಡೊರೀನ್ ಎಂಬ ಮುದುಕಿ ತಂಗಿಗೆ ಬಹಳ ಹತ್ತಿರ. ಒಳ್ಳೆಯ ಮ್ಯಾಂಟಲ್ ಹೇಗಿರುತ್ತದೆ ನೋಡಬೇಕಾದರೆ ನನ್ನ ಮನೆಗೆ ಬನ್ನಿ ಎಂದು ಒಂದು ಸಂಜೆ ಟೀಗೆ ಕರೆದಳು. ಅವಳ ನಾಯಿ ಸೋಫಾದ ಮೇಲೆ ಕೂತಿತ್ತು, ಇಳಿಯಲಿಲ್ಲ. ನನಗೆ ಒಂದು ಬೆತ್ತದ ಸ್ಟೂಲು ಕೊಟ್ಟಳು.

ಅವಳ ಮ್ಯಾಂಟಲ್ ನಿಜಕ್ಕೂ ಹಳೆಯದು, ಬಳಸಿ ಬಳಸಿ ಅಂಚು ನಯವಾಗಿತ್ತು. ಹಲಗೆಯ ಮೇಲೆ ಗಂಡನ ಫೋಟೋ. ಅದರ ಮುಂದೆ ಒಂದು ಮೇಣದ ಬತ್ತಿ, ಎರಡು ಹೂವು. ಪಕ್ಕದಲ್ಲಿ ಒಂದು ಗಡಿಯಾರ, ಒಂದು ಮುಚ್ಚಳದ ಜಾಡಿ. ಅವಳು ಟೀ ತರಲು ಒಳಗೆ ಹೋದಳು, ತಂಗಿ ಸಹಾಯಕ್ಕೆ ಹೋದಳು. ದೀಪ, ಹೂವು, ಪಟ ಇರುವ ಕಡೆ ಜಾಡಿಯಲ್ಲಿ ಏನಿರಬಹುದು ಎಂದು ಮುಚ್ಚಳ ತೆಗೆದೆ. ಬೂದುಬಣ್ಣದ ಭಸ್ಮ. ಇಷ್ಟು ದೂರ ಬಂದರೂ ನಮ್ಮ ಬೆಟ್ಟದ ದೇವರು ಮಾದಪ್ಪ ಕೈಬಿಡಲಿಲ್ಲವಲ್ಲ, ತಂಗಿಯೇ ಕೊಟ್ಟಿರಬೇಕು ಎಂದುಕೊಂಡು ಮೂರು ಬೆರಳು ಅದ್ದಿ ಹಣೆಗೆ ಎಳೆದುಕೊಂಡೆ. ಸ್ವಲ್ಪ ತರಿತರಿ ಇತ್ತು. ಬೆಟ್ಟದ ವಿಭೂತಿಯ ನಯ ಇಲ್ಲ, ಇಲ್ಲಿ ಎಲ್ಲದರಲ್ಲೂ ಕಲಬೆರಕೆ ಎಂದುಕೊಂಡೆ.

ತಂಗಿ ಟ್ರೇ ಹಿಡಿದು ಬಂದವಳು ನನ್ನ ಹಣೆ ನೋಡಿ ನಿಂತುಬಿಟ್ಟಳು. "ಅಣ್ಣ, ಅದು ಅವ್ರ ಗಂಡ ಕಣಣ್ಣ," ಎಂದಳು ಮೆಲ್ಲಗೆ.

ಸತ್ತವನ ಬೂದಿಯನ್ನು ನಾವು ಕಾವೇರಿಗೆ ಬಿಟ್ಟು, ಹಿಂದಿರುಗಿ ನೋಡದೆ ಬಂದು ಸ್ನಾನ ಮಾಡುತ್ತೇವೆ. ಇವರು ಗಂಡನನ್ನು ಸುಟ್ಟು ಗಡಿಯಾರದ ಪಕ್ಕ ಇಟ್ಟು ಟೀ ಕುಡಿಯುತ್ತಾರೆ. ಒರೆಸಿಕೊಳ್ಳುವ ಹಾಗಿಲ್ಲ, ಮುದುಕಿ ಎದುರಿಗಿದ್ದಾಳೆ. ಇಟ್ಟುಕೊಳ್ಳುವ ಹಾಗೂ ಇಲ್ಲ. ತಂಗಿ ನಮ್ಮ ವಿಭೂತಿಯ ವಿಷಯವನ್ನೆಲ್ಲ ಅವಳಿಗೆ ವಿವರಿಸಿ ಕ್ಷಮೆ ಕೇಳಿದಳು. ಡೊರೀನ್ ಸ್ವಲ್ಪ ಹೊತ್ತು ನನ್ನ ಹಣೆಯನ್ನೇ ನೋಡಿದಳು. ಆಮೇಲೆ ನಕ್ಕು, "ನನ್ನ ಗಂಡ ಈ ಊರು ಬಿಟ್ಟು ಎಲ್ಲಿಗೂ ಹೋದವನಲ್ಲ. ಈಗ ನಿಮ್ಮ ಹಣೆಯವರೆಗಾದರೂ ಹೋದನಲ್ಲ," ಎಂದು ನನಗೆ ಬಿಸ್ಕತ್ತು ಕೊಟ್ಟಳು.

ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದೆ. ಸಿದ್ದರಾಜು ನಕ್ಕು ನಕ್ಕು ಸುಸ್ತಾಗಿ "ಪರವಾಯಿಲ್ಲೆ ಬಾವ" ಎಂದು ಸಮಾಧಾನ ಮಾಡಿದ. ತಂಗಿ ತಲೆ ಒರೆಸಲು ಟವೆಲು ಕೊಡುತ್ತಾ, "ಅದ್ಯಾಕಣ್ಣ ಅಷ್ಟ್ ಹೆದರ್ಕತೀಯ? ನಾಳೆ ನಾನ್ ಸತ್ರೂ ನೀನ್ ಕೊಟ್ಟ ಮರದ ಮ್ಯಾಲೇ ಮಡಗ್ತಾರೆ," ಎಂದಳು. ತಮಾಷೆಗೇ ಅಂದದ್ದು. ನನಗೆ ಎದೆಗೆ ಒನಕೆಯಲ್ಲಿ ಕುಟ್ಟಿದ ಹಾಗಾಯಿತು. ನನ್ನ ತಂಗಿ ಒಂದು ಜಾಡಿಯಲ್ಲಿ, ಗಡಿಯಾರದ ಪಕ್ಕದಲ್ಲಿ, ಸೂರ್ಯ ಬಾರದ ಈ ಊರಿನಲ್ಲಿ. ಯಾವ ಮರವನ್ನೂ ಕೊಡುವುದಿಲ್ಲ ಎಂದು ಆ ಸಂಜೆ ಮತ್ತೊಮ್ಮೆ ಗಟ್ಟಿಮಾಡಿಕೊಂಡೆ.

ಹಳೇ ಸಾಮಾನಿನ ಅಂಗಳ

ನಾನು ಹೊರಡುವ ವಾರ ತಂಗಿ ಒಂದು ಕಡೆ ಕರೆದುಕೊಂಡು ಹೋದಳು. ಕೆಡವಿದ ಮನೆಗಳ ಬಾಗಿಲು, ಮೆಟ್ಟಿಲು, ಸ್ನಾನದ ತೊಟ್ಟಿ ಎಲ್ಲವನ್ನೂ ತಂದು ಪೇರಿಸಿ ಮಾರುವ ಅಂಗಳ. ಮಾಲೀಕ ಹೊಟ್ಟೆ ಮುಂದಿಟ್ಟುಕೊಂಡು ಬಂದ. ನಾವು ಎಲ್ಲಿಯವರೆಂದು ತಿಳಿದುಕೊಂಡು ಒಂದು ಮ್ಯಾಂಟಲ್ ಮುಂದೆ ನಿಲ್ಲಿಸಿ, ಇದು ನಿಮ್ಮ ದೇಶದ ತೇಗ, ನಿಮ್ಮ ಕಡೆಯ ಕಾಡಿನದೇ ಎಂದ. ನಾನು ಮೂಗು ಹತ್ತಿರ ಒಯ್ದೆ. ತೇಗಕ್ಕೆ ತೊಗಲಿನ ಹಾಗೆ ಒಂದು ವಾಸನೆ ಇರುತ್ತದೆ, ಹಳೆಯದಾದರೂ ಹೋಗುವುದಿಲ್ಲ. ಇದಕ್ಕೆ ಬಂದದ್ದು ಬೂಟ್ ಪಾಲಿಶಿನ ವಾಸನೆ. ಪೈನ್ ಮರಕ್ಕೆ ಬಣ್ಣ ಬಳಿದಿದ್ದ. ನಮ್ಮ ಊರಿನ ಹೆಸರು ಹೇಳಿ ನಮಗೇ ಟೋಪಿ ಹಾಕುವ ಈ ವಿದ್ಯೆ ಹನೂರಿನ ಸಂತೆಯಲ್ಲೂ ಇದೆ, ಅಲ್ಲಿ ಇನ್ನೂ ಚೆನ್ನಾಗಿ ಮಾಡುತ್ತಾರೆ.

ವಾಪಸ್ ತಿರುಗುವಾಗ ತಗಡಿನ ಚಪ್ಪರದಡಿ ಇನ್ನೊಂದು ಕಂಡಿತು. ಕೆತ್ತನೆ ಏನೂ ಇಲ್ಲ, ಬರೀ ಸಾದಾ ಓಕ್. ತಂಗಿ ಅದರ ಮುಂದೆ ನಿಂತಳು. ನಾನು ಹಿಂದಕ್ಕೆ ಹೋದೆ.

ಹಿಂಬದಿಯೂ ಮುಂದಿನಷ್ಟೇ ಅಚ್ಚುಕಟ್ಟಾಗಿತ್ತು. ಒಂದು ಮೊಳೆ ಇಲ್ಲ. ಕಾಲಿನ ತುದಿ ಅಡ್ಡಮರದ ತೂತಿನೊಳಗೆ ಕೂತು, ಅದಕ್ಕೊಂದು ಮರದ ಗೂಟ ಜಡಿದಿದ್ದರು. ಸಂದಿನಲ್ಲಿ ಉಗುರು ತೂರಿಸಲು ನೋಡಿದೆ, ಹೋಗಲಿಲ್ಲ. ಬಡಿದೆ, ತುಂಬಿದ ಕೊಡದ ಸದ್ದು. ಎತ್ತಲು ನೋಡಿದೆ, ಅಲುಗಲಿಲ್ಲ. ಹಲಗೆ ಒಂದೇ ತುಂಡು, ಎಲ್ಲೂ ಬಾಗಿಲ್ಲ, ಬಿರಿದಿಲ್ಲ. ಮತ್ತೆ ಒಂದು ಸುತ್ತು ಬಂದೆ. ಒಂದು ತಪ್ಪು ಸಿಕ್ಕಿದರೆ ಸಾಕಾಗಿತ್ತು. ಸಿಗಲಿಲ್ಲ. ಅಪ್ಪ ಇದ್ದಿದ್ದರೆ ಇದರ ಮುಂದೆ ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದರು.

ಆಗ ನಮ್ಮವರ ಕೊನೆಯ ನಿಯಮವನ್ನು ಹೊರತೆಗೆದೆ. ನಿಲ್ಲಿಸುವ ಮರದ ಬುಡ ಕೆಳಗೆ, ತುದಿ ಮೇಲೆ ಇರಬೇಕು, ಮರ ಕಾಡಿನಲ್ಲಿ ಬೆಳೆದ ಹಾಗೆ. ತಲೆಕೆಳಗಾಗಿ ನಿಲ್ಲಿಸಿದ ಮರ ಮನೆಗೆ ಆಗಿಬರುವುದಿಲ್ಲ. ಹಲಗೆಯ ಗೆರೆಗಳ ಮೊನೆ ಯಾವ ಕಡೆಗೆ ಏರುತ್ತದೆ ಎಂದು ನೋಡಿದರೆ ಗೊತ್ತಾಗುತ್ತದೆ. ನೋಡಿದೆ. ಎರಡೂ ಕಾಲಿನಲ್ಲಿ ಮೊನೆ ಮೇಲಕ್ಕೇ ಇತ್ತು. ಯಾರೋ ಹ್ಯಾಲಿಫ್ಯಾಕ್ಸಿನ ಬಡಗಿ ನಮ್ಮಪ್ಪ ನಿಲ್ಲಿಸುತ್ತಿದ್ದ ಹಾಗೇ ನಿಲ್ಲಿಸಿದ್ದ. ಗೊತ್ತಿದ್ದೇ ಮಾಡಿದನೋ, ಹಾಗೇ ಬಂತೋ.

"ಇದು ಬ್ಯಾಡ ಕಣವ್ವ. ಎಡಗಾಲು ಬುಡ ಮ್ಯಾಲಾಗಿ ಅದ," ಎಂದೆ.

ತಂಗಿ ಮರವನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ಬುಡ ಯಾವ್ದು ತುದಿ ಯಾವ್ದು ನಂಗೊತ್ತಿಲ್ಲ ಕಣಣ್ಣ. ನಿನ್ ಮುಕ ಗೊತ್ತು."

ನಾನು ಗೆರೆ ನೋಡುವವನಂತೆ ಮತ್ತೆ ಎಡಗಾಲಿನ ಕಡೆ ಬಗ್ಗಿದೆ.

"ನಾನು ಇಲ್ಲಿರದು ಬ್ಯಾಡ ಅಂದ್ರ ಬ್ಯಾಡ ಅನ್ನು. ಅದ ಯಾಕ ಮರದ ಮ್ಯಾಲ ಆಕೀಯ?"

"ಸೈಟಿಗೆ ಬೇಲಿ ಹಾಕ್ಸಿವ್ನಿ," ಎಂದೆ.

"ಗೊತ್ತು ಕಣಣ್ಣ. ನಾ ಬರಾಕಿಲ್ಲ. ಇಲ್ಲಿ ವಾರ್ಡಲ್ಲಿ ಎಲ್ರೂ ನನ್ ಮಾತ್ ಕೇಳ್ತಾರ. ಇದು ನಾ ದುಡುದು ತಕಂಡ ಮನ. ಇದ್ಕ ನಮ್ಮಪ್ಪನ್ ಮನೇದು ಒಂದ್ ಮರ ಬೇಕು ಅನುಸ್ತು, ಅದ್ಕ ಕರಸ್ದಿ. ನೀ ಕೊಡ್ನಿಲ್ಲ ಅಂದ್ರ ತೂತು ಹಂಗೇ ಇರ್ತದ. ಬ್ಯಾರೆಯವ್ರ ಕೈಲಿ ಈಸ್ಕಳಾಕಿಲ್ಲ."

ಅಂಗಳದಲ್ಲಿ ಸಣ್ಣ ಹನಿ ಶುರುವಾಯಿತು. ಮಾಲೀಕ ದೂರದಲ್ಲಿ ನಿಂತು ಹವಾಮಾನದ ಬಗ್ಗೆ ಏನೋ ಹೇಳಿದ, ಇಲ್ಲಿನವರಿಗೆ ಮಾತು ಸಿಗದಿದ್ದರೆ ಅದೊಂದು ಇದೆ. ನಾನು ಓಕಿನ ಕಾಲಿನ ಮೇಲೆ ಕೈಯಿಟ್ಟೆ. ನನ್ನ ಅನುಕೂಲಕ್ಕೆ ಅವಳ ಗೋಡೆಯಲ್ಲಿ ತೂತು ಬಿಡುವುದು ಯಾವ ತವರಿನ ಲಕ್ಷಣವೂ ಅಲ್ಲ. "ಬುಡ ಸರ್ಯಾಗೇ ಅದ. ಇದನ್ನೇ ತಕ," ಎಂದೆ. ದುಡ್ಡಿನ ಮಾತು ಬಿಡಿ, ಅದು ಅಣ್ಣ ತಂಗಿಯ ನಡುವಿನದು.

ಒಲೆಯ ಮುಂದೆ

ಮ್ಯಾಂಟಲ್ ಕೂರಿಸಲು ಬಂದವನು ಕೆಲಸಕ್ಕಿಂತ ಹೆಚ್ಚು ಟೀ ಕುಡಿದ. ಮಟ್ಟಗೋಲು ಇಟ್ಟು ನೋಡಿ ಸರಿಯಾಗಿದೆ ಎಂದ, ನಾನು ನಂಬದೆ ಮತ್ತೆ ಇಟ್ಟು ನೋಡಿದೆ. ಸರಿಯಾಗಿತ್ತು. ಅವನು ಹೋದ ಮೇಲೆ ಎರಡೂ ಕಾಲಿಗೆ ಅರಿಸಿನ, ಕುಂಕುಮ ಹಚ್ಚಿದೆ. ಮಾವಿನ ಸೊಪ್ಪಿಗೆ ಬದಲು ಡೊರೀನ್ ತನ್ನ ಬೇಲಿಯ ಎಲೆ ಕತ್ತರಿಸಿ ಕೊಟ್ಟಿದ್ದಳು. ಕಾಯಿ ಒಡೆಯಲು ಒಲೆಯ ಮುಂದಿನ ಕಲ್ಲು ಕಂಡಿತು. ಕುಟ್ಟಿದೆ. ಕಾಯಿ ಒಡೆಯಲಿಲ್ಲ, ಕಲ್ಲು ಒಡೆಯಿತು. ಅದೂ ಕಲ್ಲಲ್ಲ, ಗಾರೆಗೆ ಕಲ್ಲಿನ ಬಣ್ಣ. ಸಿದ್ದರಾಜು ಕಾಯಿಯನ್ನು ಹೊರಗಿನ ಮೆಟ್ಟಿಲಿಗೆ ಕುಟ್ಟಿ ತಂದ.

ಇನ್ನೊಂದು ಶಾಸ್ತ್ರ ಇತ್ತು. ತಂಗಿ ಮರೆತಿದ್ದರೆ ಸಾಕು ಎಂದುಕೊಂಡಿದ್ದೆ. ಮರ ಕೊಟ್ಟ ಅಣ್ಣ, ಅದು ನಿಂತ ಮೇಲೆ ಹೊರಗೆ ಹೋಗಿ ನಿಲ್ಲಬೇಕು. ಮನೆಯ ಒಡತಿ ಕರೆಯಬೇಕು. ಅಲ್ಲಿಗೆ ಅವನು ಆ ಮನೆಯ ಮೊದಲ ನೆಂಟ.

"ಈಚೆಗೋಗಣ್ಣ," ಎಂದಳು ತಂಗಿ.

ಹೋದೆ. ಬಾಗಿಲು ಹಾಕಿಕೊಂಡಳು. ಸಿದ್ದರಾಜುವಿನ ಕೋಟು ಹಾಕಿಕೊಂಡು ಕಪ್ಪು ಕಲ್ಲಿನ ಬೀದಿಯಲ್ಲಿ ನಿಂತೆ. ಹನಿ ಬೀಳುತ್ತಿತ್ತು. ಡೊರೀನ್ ಕಿಟಕಿಯಿಂದ ನೋಡಿ, ಜಗಳವಾಗಿ ಹೊರಹಾಕಿದ್ದಾರೆ ಎಂದುಕೊಂಡಳೋ ಏನೋ, ಒಳಗೆ ಬಾ ಎಂದು ಕೈ ಮಾಡಿದಳು. ಬೇಡ ಎಂದು ತಲೆಯಾಡಿಸಿದೆ.

ಬಾಗಿಲು ತೆರೆಯಿತು. ತಂಗಿ ಸೀರೆ ಉಟ್ಟಿದ್ದಳು. ಕೈಯಲ್ಲಿ ಚೆಂಬು, ಅದರಿಂದ ಹಬೆ ಏಳುತ್ತಿತ್ತು.

"ಬಾಣ್ಣ. ಕಾಲ್ಗ ನೀರ್ ತಕ," ಎಂದಳು.

ಅಷ್ಟು ದಿನದಿಂದ ಆ ಮನೆಯಲ್ಲಿ ಉಂಡು, ಮಲಗಿ, ಎಲ್ಲದಕ್ಕೂ ಹೆಸರಿಟ್ಟುಕೊಂಡು ಓಡಾಡಿದ್ದೆ. ಯಾರೂ ಕಾಲಿಗೆ ನೀರು ಕೊಟ್ಟಿರಲಿಲ್ಲ. ಮನೆಯವರಿಗೆ ಯಾರು ಕೊಡುತ್ತಾರೆ? ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದೆ, ಕಾಲುಚೀಲ ಬಿಚ್ಚಿದೆ. ತಂಗಿ ಬಗ್ಗಿ ಸುರಿದಳು. ನೀರು ಬೆಚ್ಚಗಿತ್ತು. ಕಾಲು ಒರೆಸಿಕೊಂಡು ಎದ್ದು ಹೊಸ್ತಿಲಲ್ಲಿ ನಿಂತು, ನೆಂಟರು ಕೇಳುವ ಹಾಗೆ ಕೇಳಿದೆ:

"ಎಲ್ಲಾ ಚೆನ್ನಾಗಿದ್ದೀರವ್ವ?"